ಏಳನೇ ಅನುಬಂಧದ ಗೋದಾಬಾಯಿ

ಗೋದಾಬಾಯಿ ಒಂದು ಕರಾರುಪತ್ರದ ಏಳನೇ ಅನುಬಂಧವಾದಾಗ ಅವರಿಗೆ ಐವತ್ನಾಲ್ಕು ವರ್ಷ. ಆರನೇ ಅನುಬಂಧ ಒಂದು ಹೈಡ್ರಾಲಿಕ್ ಪ್ರೆಸ್ಸು. ಎಂಟನೆಯದು ಕಾರ್ಖಾನೆಯ ಹಿಂದಿನ ಕೊಳವೆಬಾವಿ. ನಡುವೆ ಇವರು, ಹೆಸರು, ಎತ್ತರ, ರಕ್ತದ ಗುಂಪು ಸಮೇತ.

ಚೆನ್ನೈಯ ಕ್ರೋಂಪೇಟೆಯಲ್ಲಿ ರೈಲು ಹಳಿಯ ಆಚೆ, ಹಳೆಯ ಚರ್ಮದ ಮಂಡಿಗಳ ಸಾಲು ಮುಗಿಯುವಲ್ಲಿ ನಿಮಿಷಾಂಬ ವಾಷರ್ಸ್ ಅನ್ನುವ ಸಣ್ಣ ಕಾರ್ಖಾನೆ ಇದೆ. ನಲವತ್ತೊಂದು ಜನ ಕೆಲಸಗಾರರು. ಕೈಪಂಪಿನ ಒಳಗೆ ಏರಿಳಿಯುತ್ತ ನೀರನ್ನು ಮೇಲೆತ್ತುವ ತೊಗಲಿನ ಪುಟ್ಟ ಬಟ್ಟಲು ಇರುತ್ತದಲ್ಲ, ಅದನ್ನು ಅಲ್ಲಿ ಮಾಡುತ್ತಾರೆ. ತೊಗಲನ್ನು ನೆನೆಸಿ, ಅಚ್ಚಿಗೆ ಹಾಕಿ ಒತ್ತಿ, ಒಣಗಿಸಿ, ಅಂಚು ಕತ್ತರಿಸಿ, ಬಿಸಿ ಕೊಬ್ಬಿನಲ್ಲಿ ಅದ್ದಿ ತೆಗೆದರೆ ಒಂದು ವಾಷರು ಆಯಿತು.

ಗೋದಾಬಾಯಿ ಅಲ್ಲಿ ಆಫೀಸಿನ ಗುಮಾಸ್ತೆ. ಇಪ್ಪತ್ತಾರನೇ ವಯಸ್ಸಿನಲ್ಲಿ ‘ವಾಷರ್ ಕಂಪನಿಗೆ ಟೈಪು ಬಲ್ಲ ಮಹಿಳೆ ಬೇಕು’ ಎಂಬ ಜಾಹೀರಾತು ನೋಡಿ, ವಾಷರ್ ಎಂದರೆ ಕಬ್ಬಿಣದ್ದು ಎಂದುಕೊಂಡು ಅರ್ಜಿ ಹಾಕಿದ್ದರು. ಮೊದಲ ದಿನ ಬಾಗಿಲಲ್ಲೇ ವಾಸನೆ ಬಂದು ಮುಖಕ್ಕೆ ಹೊಡೆದಾಗ ವಿಷಯ ತಿಳಿಯಿತು. ಅಷ್ಟರಲ್ಲಿ ರುಜು ಹಾಕಿ ಆಗಿತ್ತು. ತ್ರಿಪ್ಲಿಕೇನಿನಲ್ಲಿ ಅಣ್ಣ ವಿಷ್ಣುತೀರ್ಥನ ಮನೆ. ನಾಲ್ಕು ತಲೆಮಾರಿನಿಂದ ಮದ್ರಾಸಿನಲ್ಲೇ ಬೇರೂರಿದ ಕನ್ನಡದ ವೈಷ್ಣವ ಕುಟುಂಬ. ಕಾರ್ಖಾನೆಯಿಂದ ಬಂದ ತಂಗಿ ಹಿತ್ತಲ ಕಡೆಯಿಂದ ಬಂದು, ತಲೆಗೆ ನೀರು ಹಾಕಿಕೊಂಡೇ ಒಳಗೆ ಕಾಲಿಡಬೇಕು ಎಂದು ಅಣ್ಣ ಮೊದಲ ದಿನವೇ ಹೇಳಿದ. ಇಪ್ಪತ್ತೆಂಟು ವರ್ಷ ಅದೇ ನಡೆಯಿತು. ಮದುವೆಯ ಮಾತು ಮೂರು ಸಲ ಮನೆಯವರೆಗೆ ಬಂದು, ಹುಡುಗಿ ಕೆಲಸ ಮಾಡುವ ಜಾಗ ಯಾವುದೆಂದು ಕೇಳಿಕೊಂಡು ಮೂರು ಸಲವೂ ವಾಪಸ್ಸು ಹೋಯಿತು.

ಅವರು ರಜೆ ಹಾಕಿದವರಲ್ಲ. ಮನೆಯಲ್ಲಿ ಇದ್ದು ಮಾಡುವುದಾದರೂ ಏನು? ರೈಲು ನಿಂತುಹೋದ ದಿನ ಬಿಟ್ಟರೆ ಒಂದು ದಿನವೂ ತಪ್ಪಿಸಿಕೊಂಡದ್ದಿಲ್ಲ. ಹಾಗೆಂದು ಅವರ ಹಾಜರಿಯನ್ನು ಮನೆಯಲ್ಲಾಗಲಿ ಕಾರ್ಖಾನೆಯಲ್ಲಾಗಲಿ ಯಾರೂ ವಿಶೇಷವಾಗಿ ಗಮನಿಸಿದ್ದೂ ಇಲ್ಲ.

ಆಗ ಡೆನ್ಮಾರ್ಕ್ ಬಂತು.

ಡೆನ್ಮಾರ್ಕ್ ಎಂದರೆ ಆ ದೇಶದ ಒಂದು ಪಂಪು ಕಂಪನಿ. ಅದರ ನಿಜವಾದ ಹೆಸರು ಹೇಳಲು ಕಾರ್ಖಾನೆಯಲ್ಲಿ ಯಾರಿಗೂ ನಾಲಗೆ ಹೊರಳದೆ ಎಲ್ಲರೂ ಅದನ್ನು ಡೆನ್ಮಾರ್ಕ್ ಎಂದೇ ಕರೆದರು. ಡೆನ್ಮಾರ್ಕ್ ಫೋನ್ ಮಾಡಿದೆ, ಡೆನ್ಮಾರ್ಕಿಗೆ ಕೋಪ ಬಂದಿದೆ, ಹೀಗೆ. ಅದು ಬೇರೆ ಬೇರೆ ದೇಶಗಳ ಸಣ್ಣ ಕಾರ್ಖಾನೆಗಳಲ್ಲಿ ಬಂಡವಾಳ ಹಾಕಿ ಪಾಲುದಾರನಾಗುವ ಕಂಪನಿ. ನಿಮಿಷಾಂಬದಲ್ಲೂ ನೂರಕ್ಕೆ ನಲವತ್ತು ಪಾಲು ಕೊಳ್ಳುವ ಮನಸ್ಸು ಮಾಡಿತು. ಮಾಲೀಕ ರಘುರಾಮ ಮೈಸೂರು ಕಡೆಯವನು, ಅಪ್ಪನಿಂದ ಬಂದ ಕಾರ್ಖಾನೆಯನ್ನು ಹೇಗೋ ತಳ್ಳಿಕೊಂಡು ಹೋಗುತ್ತಿದ್ದವನು. ಅವನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಬಂಡವಾಳ ಹಾಕುವ ಮುಂಚೆ ಕಾರ್ಖಾನೆಯ ಪರ್ಫಾರ್ಮೆನ್ಸು ಯಾವುದರ ಮೇಲೆ ನಿಂತಿದೆ ಎಂದು ಪತ್ತೆ ಮಾಡಲು ಡೆನ್ಮಾರ್ಕ್ ತನ್ನ ಚೆನ್ನೈ ಆಫೀಸಿನಿಂದ ದೀಕ್ಷಿತ್ ಎಂಬ ಎಂಬಿಎ ಹುಡುಗನನ್ನು ಕಳಿಸಿತು. ಅವನೂ ಮೈಸೂರಿನವನೇ, ಬಂದು ಎರಡು ವರ್ಷ ಆಗಿರಬಹುದು, ತಾಂಬರಂನಲ್ಲಿ ರೂಮು. ಅವನು ಆರು ವರ್ಷದ ರಿಜಿಸ್ಟರುಗಳನ್ನೆಲ್ಲ ಹೊತ್ತುಕೊಂಡು ಹೋಗಿ ಏಸಿ ಕೋಣೆಯಲ್ಲಿ ಕೂತ. ಡೆನ್ಮಾರ್ಕ್ ಕಳಿಸಿದ ನಮೂನೆಯಲ್ಲಿ ಹದಿನೇಳು ಕಾಲಂ ಇದ್ದವು. ತೊಗಲಿನ ಬೆಲೆ, ಕರೆಂಟು ಹೋದ ಗಂಟೆಗಳು, ಹಬ್ಬಗಳು, ಪ್ರತಿಯೊಬ್ಬರ ಹಾಜರಿ. ‘ಹಿಮ ಬಿದ್ದ ದಿನಗಳು’ ಅಂತಲೂ ಒಂದಿತ್ತು. ಅದರಲ್ಲಿ ಅವನು ಆರು ವರ್ಷಕ್ಕೂ ಶ್ರದ್ಧೆಯಿಂದ ಸೊನ್ನೆ ತುಂಬಿದ. ಎರಡು ವಾರದ ಮೇಲೆ ರಘುರಾಮನ ಮುಂದೆ ಲ್ಯಾಪ್‌ಟಾಪು ತೆರೆದಿಟ್ಟ.

“ಸರ್, ಸಿಕ್ಕಿತು. ನಿಮ್ಮ ಇಡೀ ಕಾರ್ಖಾನೆ ಒಂದೇ ಒಂದರ ಮೇಲೆ ನಿಂತಿದೆ.”

“ತೊಗಲಿನ ರೇಟು ತಾನೆ?”

“ಅಲ್ಲ.”

“ಕರೆಂಟು?”

“ಅಲ್ಲ ಸರ್. ಗೋದಾಬಾಯಿ ಮೇಡಂ.”

ರಘುರಾಮ ಅವನ ಮುಖ ನೋಡಿದ. “ಯಾರು, ನಮ್ಮ ಗೋದಕ್ಕನಾ? ಅವರು ಕಾಗದ ಟೈಪ್ ಮಾಡ್ತಾರೆ ಕಣ್ರೀ.”

“ಅವರು ಬಂದ ದಿನ ನೂರಕ್ಕೆ ನಾಲ್ಕು ವಾಷರ್ ರಿಜೆಕ್ಟು. ಬರದೆ ಇದ್ದ ದಿನ ನೂರಕ್ಕೆ ಮೂವತ್ತೊಂದು. ಆರು ವರ್ಷದಲ್ಲಿ ಇದು ಒಂದು ಸಲವೂ ತಪ್ಪಿಲ್ಲ. ಬೇಕಿದ್ದರೆ ನೀವೇ ನೋಡಿ.”

ರಘುರಾಮ ನೋಡಿದ. ಒಂದು ಗೆರೆ ಏರುತ್ತಿತ್ತು, ಇನ್ನೊಂದು ಇಳಿಯುತ್ತಿತ್ತು. ಅವನಿಗೂ ಹೌದು ಅನ್ನಿಸಿತು. ಕರೆಯಿಸಿದರು. ಗೋದಾಬಾಯಿ ಬಂದು, ಇಬ್ಬರ ಮುಖ ನೋಡಿ, ಎಲ್ಲಿಯೋ ಇನ್‌ವಾಯ್ಸ್ ತಪ್ಪಾಗಿದೆ ಎಂದು ಹೆದರಿದರು.

“ನಾನು ಏನೂ ಮಾಡಲಿಲ್ಲ ಸಾರ್,” ಅಂದರು.

“ಅದೇ ಮೇಡಂ ಆಶ್ಚರ್ಯ,” ಅಂದ ದೀಕ್ಷಿತ್. ಅವನ ಕಣ್ಣಲ್ಲಿ ಭಕ್ತಿಯಂಥದ್ದೇನೋ ಇತ್ತು. “ಏನೂ ಮಾಡದೇನೇ!”

ಹೀಗೆ ಡೆನ್ಮಾರ್ಕ್ ಹಣ ಹಾಕಿತು. ಹಾಕುವಾಗ ತಾನು ಹಾಕಿದ ಹಣಕ್ಕೆ ಆಧಾರವಾದ ವಸ್ತು ಕೈತಪ್ಪಬಾರದು ಎಂದು ಗೋದಾಬಾಯಿಯನ್ನು ಕರಾರಿನೊಳಗೆ ಸೇರಿಸಿತು. ಅನುಬಂಧ ಏಳು, ಒಂದೂವರೆ ಪುಟ. ಗೋದಾಬಾಯಿಯವರು ನೂಕುನುಗ್ಗಲಿನ ರೈಲು ಹತ್ತತಕ್ಕದ್ದಲ್ಲ. ಏಣಿ ಏರತಕ್ಕದ್ದಲ್ಲ. ಮರೀನಾ ಬೀಚಿನಲ್ಲಿ ಪಾದ ಮುಳುಗುವುದಕ್ಕಿಂತ ಹೆಚ್ಚಿನ ನೀರಿಗೆ ಇಳಿಯತಕ್ಕದ್ದಲ್ಲ. ಅವರ ಆರೋಗ್ಯಕ್ಕೂ ಸೌಕರ್ಯಕ್ಕೂ ಬೇಕಾದದ್ದನ್ನು ಅವರ ಒಂದು ಕಾಗದದ ಮೇಲೆ, ವಿಚಾರಣೆಯಿಲ್ಲದೆ ಕಂಪನಿ ಒದಗಿಸತಕ್ಕದ್ದು. ಉಪವಾಸ ಮಾಡುವುದಾದರೆ ಮೂರು ದಿನ ಮುಂಚಿತವಾಗಿ ಲಿಖಿತ ಸೂಚನೆ ಕೊಡತಕ್ಕದ್ದು.

ಈ ಕೊನೆಯ ಮಾತು ಕೇಳಿ ಮನೆಯಲ್ಲಿ ವಿಷ್ಣುತೀರ್ಥ ಕೆಂಡಾಮಂಡಲವಾದ. “ಏಕಾದಶಿಗೆ ಡೆನ್ಮಾರ್ಕಿನ ಅಪ್ಪಣೆಯಾ? ಅಡ ರಾಮಾ! ನಮ್ಮ ವಂಶದಲ್ಲಿ ಇಂಥಾದ್ದು ನಡೆದಿತ್ತಾ?”

“ಚುಮ್ಮಾ ಇರು ಅಣ್ಣಾ. ವರ್ಷದ ಏಕಾದಶಿ ಎಲ್ಲಾ ಒಂದೇ ಸರ್ತಿ ಬರೆದು ಕಳಿಸಿಬಿಡ್ತೇನೆ,” ಅಂದರು ಗೋದಾಬಾಯಿ. ಕಳಿಸಿದರು ಕೂಡ. ಡೆನ್ಮಾರ್ಕ್ ಅದನ್ನು ಗೋಡೆಗೆ ಹಾಕಿಕೊಂಡಿತೆಂದೂ, ಏಕಾದಶಿಯ ದಿನ ಅಲ್ಲಿನವರು ಇವರಿಗೆ ಫೋನ್ ಮಾಡಿ ಬೇಸರ ಕೊಡಬಾರದೆಂದು ಅವರವರಲ್ಲೇ ಸುತ್ತೋಲೆ ಹೊರಟಿತೆಂದೂ ಆಮೇಲೆ ತಿಳಿಯಿತು.

ಅಣ್ಣನ ಮಗಳು ಮಾನ್ಯಾ ಕಾಲೇಜಿನವಳು. ಮನೆಯಲ್ಲಿ ಕನ್ನಡದಲ್ಲಿ ಏನು ಕೇಳಿದರೂ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವವಳು. ಅವಳು ಅನುಬಂಧವನ್ನು ಎರಡು ಸಲ ಓದಿ, “ಅತ್ತೆ, ನೀಂಗ ಅಸೆಟ್ಟಾ?” ಅಂದರೆ ನೀವು ಕಂಪನಿಯ ಆಸ್ತಿಯಾ ಅಂತ ಕೇಳಿ ಸೋಫಾದ ಮೇಲೆ ಬಿದ್ದು ನಕ್ಕಳು. ಗೋದಾಬಾಯಿಯೂ ನಕ್ಕರು. ಆದರೆ ಆ ಕಾಗದವನ್ನು ಮಡಿಸಿ, ರೇಷ್ಮೆ ಸೀರೆಗಳ ನಡುವೆ ಇಟ್ಟರು. ಏಳು ಸಮುದ್ರದ ಆಚೆ ಯಾರೋ ಒಬ್ಬರು ಬೆಳಿಗ್ಗೆ ಎದ್ದು, ಗೋದಾಬಾಯಿ ಇವತ್ತು ಬಂದಳೋ ಇಲ್ಲವೋ ಎಂದು ಕೇಳುತ್ತಾರೆ. ಅದನ್ನು ನೆನೆದಾಗೆಲ್ಲ ಅವರಿಗೆ ಒಂದು ಥರ ನಾಚಿಕೆ, ಒಂದು ಥರ ಖುಷಿ. ಆ ವಾರ ಅವರು ಪಾಂಡಿ ಬಜಾರಿಗೆ ಹೋಗಿ ಎರಡು ಹೊಸ ಸೀರೆ ತಂದರು. ಅನುಬಂಧ ಅಂದಮೇಲೆ ಹಳೆಯ ಸೀರೆಯಲ್ಲಿ ಕೂರುವುದು ಸರಿಯಲ್ಲ ಅನ್ನಿಸಿತ್ತು.

ರೈಲಿನ ಬದಲು ಕಾರು ಬಂತು. ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿಗೆ ಕಾರಿನಲ್ಲಿ ಎರಡು ಗಂಟೆ ಹಿಡಿಯಿತು. ಗಿಂಡಿಯ ಟ್ರಾಫಿಕ್ಕಿನಲ್ಲಿ ಕಾರು ಕಲ್ಲಾಗಿ ನಿಂತಾಗ, ಪಕ್ಕದಲ್ಲೇ ತಮ್ಮ ಹಳೆಯ ಎಲೆಕ್ಟ್ರಿಕ್ ಟ್ರೈನು ದಡದಡ ಹಾದು ಹೋಗುವುದನ್ನು ಗಾಜಿನೊಳಗಿಂದ ನೋಡುತ್ತ ಕೂರುತ್ತಿದ್ದರು. ಲೇಡೀಸ್ ಡಬ್ಬಿಯಲ್ಲಿ ದಿನಾ ಮಲ್ಲಿಗೆ ಮಾರುವವಳು ಈಗ ಯಾರ ಹತ್ತಿರ ವ್ಯಾಜ್ಯ ಮಾಡುತ್ತಾಳೋ ಎಂದು ಚಿಂತೆಯಾಗುತ್ತಿತ್ತು.

ಮಾರ್ಚಿನಲ್ಲಿ ಡೆನ್ಮಾರ್ಕಿನಿಂದ ಯೆನ್ಸ್ ಎಂಬ ಸಾಹೇಬ ಬಂದ. ಆಫೀಸಿನ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಉದ್ದ. ಗೋದಾಬಾಯಿಯ ಪ್ರಭಾವ ಹೇಗೆ ಕೆಲಸ ಮಾಡುತ್ತದೆ ಎಂದು ಕಂಡುಹಿಡಿಯುವುದೇ ಅವನ ಕೆಲಸ. ಮೂರು ವಾರ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು ಬರೆದುಕೊಂಡ. ದೀಕ್ಷಿತ್ ಪಕ್ಕದಲ್ಲಿ ನಿಂತು ಅರ್ಥ ಹೇಳುತ್ತಿದ್ದ. ಒಂಬತ್ತು ಹತ್ತಕ್ಕೆ ಕಿಟಕಿ ತೆರೆದರು. ಒಂಬತ್ತು ಹನ್ನೆರಡಕ್ಕೆ ಕಿಟಕಿ ಮುಚ್ಚಿದರು. ಒಂಬತ್ತು ನಲವತ್ತಕ್ಕೆ ಫೋನಿನಲ್ಲಿ ಲಾರಿ ಆಫೀಸಿನವನನ್ನು ಬೈದರು. ಕಾರಣ ತಿಳಿಯಲಿಲ್ಲ, ಪರಿಣಾಮ ಉತ್ತಮ. ಮೂರು ಗಂಟೆಗೆ ಆಕಳಿಸಿದರು. ಆಕಳಿಕೆಯನ್ನೂ ಬರೆದುಕೊಳ್ಳುತ್ತಾನೆ ಎಂದು ಗೊತ್ತಾದ ಮೇಲೆ ಗೋದಾಬಾಯಿ ಅದನ್ನು ಮನೆಗೆ ಹೋಗುವವರೆಗೆ ಹಿಡಿದಿಟ್ಟುಕೊಳ್ಳತೊಡಗಿದರು.

ಆಮೇಲೆ ಪ್ರಯೋಗಗಳು ಶುರುವಾದವು. ಅವರ ಕುರ್ಚಿಯನ್ನು ಎಡಕ್ಕೆ ಸರಿಸಿದರು. ರಿಜೆಕ್ಟು ನೂರಕ್ಕೆ ನಾಲ್ಕು. ಗೋಡೆಯ ಕಡೆ ಮುಖ ಮಾಡಿ ಕೂರಿಸಿದರು. ನಾಲ್ಕು. ಒಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತಾಡಕೂಡದು ಎಂದರು. ಲಾರಿ ಆಫೀಸಿನವನು ಏನಾಯಿತೋ ಎಂದು ಗಾಬರಿಯಾಗಿ ಖುದ್ದಾಗಿ ನೋಡಲು ಬಂದ. ರಿಜೆಕ್ಟು ಮಾತ್ರ ನಾಲ್ಕೇ. ಕೊನೆಗೆ ತಾರಸಿಯ ಮೇಲೆ ಕೊಡೆ ಹಿಡಿಸಿ ಕೂರಿಸಿದರು. ಮಾರ್ಚಿನ ಬಿಸಿಲು ಕಾವಲಿಯಂತೆ ಕಾದಿತ್ತು. ಅವತ್ತು ರಿಜೆಕ್ಟು ಮೂರೂವರೆಗೆ ಇಳಿಯಿತು. ಯೆನ್ಸ್ ಸಂತೋಷದಿಂದ ಕೈ ತಟ್ಟಿಬಿಟ್ಟ. ಸ್ಥಳ, ದಿಕ್ಕು, ಮಾತು ಯಾವುದೂ ಮುಖ್ಯವಲ್ಲ, ಹಾಜರಿಯೊಂದೇ ಮುಖ್ಯ ಎಂದು ಬರೆದುಕೊಂಡು ವಿಮಾನ ಹತ್ತಿದ.

ಮೇ ತಿಂಗಳಿಗೆ ಡೆನ್ಮಾರ್ಕ್ ತನ್ನ ಗುಂಪಿನ ಉಳಿದ ಹನ್ನೊಂದು ಕಾರ್ಖಾನೆಗಳಲ್ಲೂ ‘ಗೋದಾಬಾಯಿ’ ಎಂಬ ಹುದ್ದೆಯನ್ನು ಅದೇ ಅನುಬಂಧದ ಸಮೇತ ತೆರೆಯಿತು. ಐವತ್ತು ದಾಟಿರಬೇಕು, ಸುಮ್ಮನೆ ಕೂರುವ ಅಭ್ಯಾಸ ಇರಬೇಕು ಎಂದು ಪೇಪರಿನಲ್ಲಿ ಹಾಕಿದರಂತೆ. ಪೋಲೆಂಡಿಗೊಬ್ಬಳು ಗೋದಾಬಾಯಿ ಬಂದಳು, ಮೊರಾಕ್ಕೋಗೊಬ್ಬಳು ಬಂದಳು. ವಿಯೆಟ್ನಾಮಿನ ಗೋದಾಬಾಯಿ ಒಬ್ಬ ಗಂಡಸು, ನಿವೃತ್ತ ಪೋಸ್ಟ್‌ಮ್ಯಾನು. ತಿಂಗಳಿಗೊಮ್ಮೆ ಎಲ್ಲ ಗೋದಾಬಾಯಿಯರ ವಿಡಿಯೋ ಮೀಟಿಂಗು. ನಮ್ಮ ಗೋದಾಬಾಯಿಯನ್ನು ಮೂಲ ಗೋದಾಬಾಯಿ ಎಂದು ಮೇಲಿನ ಚೌಕದಲ್ಲಿ ತೋರಿಸುತ್ತಿದ್ದರು. ಏನು ಮಾತಾಡಬೇಕೆಂದು ಯಾರಿಗೂ ಗೊತ್ತಿರಲಿಲ್ಲ. ಮೊದಲ ಸಲ ಕಾಲು ಗಂಟೆ ಹನ್ನೆರಡು ಜನ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಆಮೇಲೆ ಮೊರಾಕ್ಕೋದ ಗೋದಾಬಾಯಿ, ಜೊಹ್ರಾ ಅಂತ ಅವಳ ಹೆಸರು, ತನ್ನ ಊಟದ ಡಬ್ಬಿಯನ್ನು ಎತ್ತಿ ಕ್ಯಾಮೆರಾಕ್ಕೆ ತೋರಿಸಿದಳು. ಇವರು ತಮ್ಮ ಮೊಸರನ್ನ ತೋರಿಸಿದರು. ಇಬ್ಬರಿಗೂ ಬರುತ್ತಿದ್ದದ್ದು ಹರಕು ಇಂಗ್ಲಿಷು. ಅಷ್ಟರಲ್ಲೇ ಸ್ನೇಹವಾಯಿತು.

ಮಳೆಗಾಲ ಹತ್ತಿರ ಬಂದಾಗ, ಕಾರಾದರೂ ನೀರಿನಲ್ಲಿ ಸಿಕ್ಕಿಕೊಳ್ಳಬಹುದು ಎಂದು ಡೆನ್ಮಾರ್ಕಿಗೆ ಭಯವಾಯಿತು. ಕಾರ್ಖಾನೆಯ ಎದುರಿನ ಬೀದಿಯಲ್ಲೇ ಗೋದಾಬಾಯಿಗೆ ಒಂದು ಮನೆ ಬಾಡಿಗೆಗೆ ಹಿಡಿದರು. ನವೆಂಬರಿನಲ್ಲಿ ವಾಯುಭಾರ ಕುಸಿದು ಮಳೆ ಹಿಡಿಯಿತು. ಹಿಡಿದದ್ದು ನಾಲ್ಕು ದಿನ ಬಿಡಲಿಲ್ಲ. ತಾಂಬರಂ ಲೈನಿನಲ್ಲಿ ಹಳಿ ಮುಳುಗಿ ರೈಲು ನಿಂತವು. ಗೋದಾಬಾಯಿ ಮಾತ್ರ ಸೀರೆ ಎತ್ತಿ ಹಿಡಿದು ಬೀದಿ ದಾಟಿ, ಎಂಟೂವರೆಗೆಲ್ಲ ಕುರ್ಚಿಯಲ್ಲಿದ್ದರು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಅಂಥ ಮಳೆಯ ದಿನ ಕಾರ್ಖಾನೆಗೆ ಬಂದದ್ದು.

ಮೊದಲ ದಿನ ರಿಜೆಕ್ಟು ನೂರಕ್ಕೆ ಇಪ್ಪತ್ತೆಂಟು. ಎರಡನೇ ದಿನ ಮೂವತ್ಮೂರು.

ಗೋದಾಬಾಯಿ ಕುರ್ಚಿ ಸರಿಯಾಗಿಲ್ಲವೇನೋ ಎಂದು ಹಳೆಯ ಜಾಗಕ್ಕೆ ಎಳೆದುಕೊಂಡರು. ಕಿಟಕಿ ತೆರೆದು ಮುಚ್ಚಿದರು. ಲಾರಿ ಆಫೀಸಿಗೆ ಫೋನ್ ಮಾಡಿ ಕಾರಣವಿಲ್ಲದೆ ಬೈದರು. ಕೊನೆಗೆ ತಡೆಯಲಾರದೆ ಪ್ರೆಸ್ಸಿನ ಶೆಡ್ಡಿಗೆ ಹೋದರು. ಅಲ್ಲಿ ಮೇಸ್ತ್ರಿ ಅಪ್ಪಾಜಿ, ಕೊಳ್ಳೇಗಾಲದ ಕಡೆಯ ಮುದುಕ, ಮಾಲೀಕನ ಅಪ್ಪನ ಕಾಲದಿಂದ ಇದ್ದವರು, ಸೊಟ್ಟಗಾದ ವಾಷರುಗಳನ್ನು ಬುಟ್ಟಿಗೆ ಎಸೆಯುತ್ತಿದ್ದರು.

“ಅಪ್ಪಾಜಿ, ನಾನು ಬಂದಿದ್ದೇನಲ್ಲಾ. ಆದ್ರೂ ಯಾಕೆ ಹೀಗಾಗ್ತಿದೆ?”

ಅಪ್ಪಾಜಿ ತಲೆ ಎತ್ತಿ ನೋಡಿದರು. “ನೀವು ಬಂದ್ರ ಏನು ಬುಟ್ರ ಏನು ಕನವ್ವ. ಮಳ ಹಿಡ್ಕಂಡದ. ಮಳ ಬಂದ್ರ ತೊಗಲು ಒಣಗಲ್ಲ. ಒಣಗ್ದಿದ್ದುದ್ನ ಅಚ್ಚಿಂದ ತಗುದ್ರ ಸೊಟ್ಟಗಾಯ್ತದ.”

ಗೋದಾಬಾಯಿಗೆ ಮೆಟ್ಟಿಲಿದೆ ಎಂದುಕೊಂಡು ಕಾಲಿಟ್ಟಲ್ಲಿ ಮೆಟ್ಟಿಲು ಇಲ್ಲದಂತಾಯಿತು. ಮಳೆ ಬಂದರೆ ತೊಗಲು ಒಣಗುವುದಿಲ್ಲ. ಮಳೆ ಬಂದರೆ ರೈಲು ನಿಲ್ಲುತ್ತದೆ. ರೈಲು ನಿಂತರೆ ನಾನು ಬರುವುದಿಲ್ಲ. ಅಷ್ಟೇ. ಇಷ್ಟು ದಿನ ಹನ್ನೆರಡು ದೇಶಗಳು ಸೇರಿ ನಂಬಿದ್ದು ಅಷ್ಟೇ.

“ಆ ಹುಡುಗ ನಿಮ್ಮನ್ನ ಕೇಳಲೇ ಇಲ್ಲವಾ ಅಪ್ಪಾಜಿ?”

“ಕೇಳ್ದ ಕನವ್ವ. ನಿನ್ ವಯಸ್ಸು ಎಷ್ಟು ಅಂತ ಕೇಳ್ದ. ಹೇಳ್ದಿ. ಬರ್ಕಂಡು ಹೋದ.” ಇನ್ನೊಂದು ವಾಷರು ಬುಟ್ಟಿಗೆ ಬಿತ್ತು. “ಒಂಬತ್ತು ವರ್ಸದಿಂದ ಬಡ್ಕತಾ ಇವ್ನಿ, ಒಣಗ್ಸಕ ಒಂದು ಬೆಚ್ಚನ ರೂಮು ಕಟ್ಟುಸ್ಕೊಡಿ ಅಂತ. ಯಾರ್ ಕಿವಿಗೂ ಬೀಳಲ್ಲ.”

ಗೋದಾಬಾಯಿಗೆ ಸುಮ್ಮನಿದ್ದುಬಿಡೋಣ ಎಂದು ಒಂದು ಗಳಿಗೆ ಅನ್ನಿಸದೆ ಇರಲಿಲ್ಲ. ಆದರೆ ಸುಳ್ಳನ್ನು ಹೊಸ ಸೀರೆಯ ಹಾಗೆ ಉಟ್ಟುಕೊಂಡು ತಿರುಗುವುದು ಅವರಿಂದಾಗದು. ದೀಕ್ಷಿತನನ್ನು ಕರೆದು ಎದುರಿಗೆ ಕೂರಿಸಿಕೊಂಡು ಹೇಳಿದರು. ಅವನು ನಂಬದೆ, ಮೊಬೈಲಿನಲ್ಲಿ ಆರು ವರ್ಷದ ಮಳೆಯ ಲೆಕ್ಕ ತೆಗೆದು ತನ್ನ ಗೆರೆಗಳ ಪಕ್ಕ ಇಟ್ಟು ನೋಡಿದ. ಮುಖ ಬಿಳಿಚಿಕೊಂಡಿತು.

“ಮಳೆಗೆ ಕಾಲಂ ಯಾಕಪ್ಪಾ ಇರಲಿಲ್ಲ?” ಅಂದರು ಗೋದಾಬಾಯಿ, ಮೆಲ್ಲಗೆ.

“ಅದು ಡೆನ್ಮಾರ್ಕಿನ ನಮೂನೆ ಮೇಡಂ. ಅಲ್ಲಿ ಮಳೆ ಯಾವಾಗಲೂ ಬರ್ತಿರುತ್ತೆ. ಲೆಕ್ಕಕ್ಕೆ ಹಿಡಿಯಲ್ಲ.” ಆಮೇಲೆ ತಲೆ ಬಗ್ಗಿಸಿ, “ಈ ರಿಪೋರ್ಟಿಗೆ ನನಗೆ ಬಹುಮಾನ ಬಂತು ಮೇಡಂ. ನಮ್ಮಮ್ಮ ಅದನ್ನ ದೇವರ ಮನೇಲಿ ಇಟ್ಟಿದ್ದಾಳೆ,” ಅಂದ.

“ಪರವಾಯಿಲ್ಲೆ ಬಿಡು. ನನ್ನ ಕಾಗದಾನೂ ರೇಷ್ಮೆ ಸೀರೆ ಮಧ್ಯೆ ಇದೆ. ನಿಜ ಬರೆದು ಹಾಕು.”

ಹುಡುಗ ಒಳ್ಳೆಯವನು. ಬರೆದು ಹಾಕಿದ. ನಾಲ್ಕನೇ ದಿನ ಉತ್ತರ ಬಂತು. ಮಳೆ ನಮ್ಮ ನಮೂನೆಯಲ್ಲಿ ಇಲ್ಲ. ಮಳೆ ಯಾರ ಹತೋಟಿಯಲ್ಲೂ ಇಲ್ಲ. ಗೋದಾಬಾಯಿ ಹತೋಟಿಯಲ್ಲಿದ್ದಾರೆ. ಆದ್ದರಿಂದ ಗೋದಾಬಾಯಿಯನ್ನು ಸುಧಾರಿಸತಕ್ಕದ್ದು. ಜೊತೆಗೆ ಎಂಟು ವಾರದ ಸುಧಾರಣಾ ಯೋಜನೆ. ಮೊದಲ ವಾರವೇ ಯೆನ್ಸ್ ವಿಡಿಯೋದಲ್ಲಿ ಬಂದು, ನೋವಾಗಬಾರದೆಂದು ಬಹಳ ಮೆತ್ತಗೆ ಕೇಳಿದ. ದೀಕ್ಷಿತ್ ತಗ್ಗಿದ ದನಿಯಲ್ಲಿ ಅರ್ಥ ಹೇಳಿದ.

“ನೀವು ಬಂದಿದ್ದಿರಿ, ಅದು ನಿಜ ಅಂತಾರೆ. ಆದರೆ ಪೂರ್ತಿ ಬಂದಿದ್ದಿರಾ ಅಂತ ಕೇಳ್ತಾರೆ.”

ಗೋದಾಬಾಯಿಗೆ ರೇಗಿಹೋಯಿತು. “ತಲೆ, ಕೈ, ಕಾಲು ಎಲ್ಲಾ ತಂದಿದ್ದೆ ಅಂತ ಹೇಳಪ್ಪಾ. ಮನೇಲಿ ಏನೂ ಮರೆತು ಬಿಟ್ಟು ಬಂದಿರಲಿಲ್ಲ!”

ಹಾಜರಿಯ ಗುಣಮಟ್ಟದಲ್ಲಿ ಕುಸಿತ ಎಂದು ಅವರ ಹೆಸರಿನ ಮುಂದೆ ಕೆಂಪು ಗುರುತು ಬಿತ್ತು. ಇಪ್ಪತ್ತೆಂಟು ವರ್ಷ ಒಂದೇ ಒಂದು ಮಾತು ಹೇಳಿಸಿಕೊಳ್ಳದೆ ದುಡಿದವರಿಗೆ, ಮಾಡದೆ ಇದ್ದ ಕೆಲಸವನ್ನು ಸರಿಯಾಗಿ ಮಾಡಲಿಲ್ಲ ಎಂದು ಬೈಸಿಕೊಳ್ಳುವ ಪಾಡು. ಎರಡು ದಿನ ಅವರಿಗೆ ಅನ್ನ ಸೇರಲಿಲ್ಲ. ಮೂರನೇ ದಿನ ಭಾನುವಾರ, ತ್ರಿಪ್ಲಿಕೇನಿಗೆ ಹೋಗಿ, ಕೆಲಸ ಬಿಡುವುದಾದರೆ ಹೇಗೆ ಬಿಡಬೇಕು ಎಂದು ನೋಡಲು ಸೀರೆಗಳ ನಡುವಿನಿಂದ ಅನುಬಂಧ ತೆಗೆದು ಓದಿದರು. ಬಿಡುವ ದಾರಿ ಅದರಲ್ಲಿ ಕಾಣಲಿಲ್ಲ. ಆದರೆ ನಾಲ್ಕನೇ ಕಲಮಿನ ಮೇಲೆ ಅವರ ಬೆರಳು ನಿಂತಿತು. ಒಂದು ಕಾಗದದ ಮೇಲೆ, ವಿಚಾರಣೆಯಿಲ್ಲದೆ.

ಸೋಮವಾರ ಅಪ್ಪಾಜಿಯ ಹತ್ತಿರ ಹೋಗಿ, “ಆ ಬೆಚ್ಚನೆಯ ಕೋಣೆ ಎಷ್ಟು ಉದ್ದ, ಎಷ್ಟು ಅಗಲ ಬೇಕು?” ಎಂದು ಕೇಳಿಕೊಂಡು ಬಂದು ಟೈಪು ಮಾಡಲು ಕೂತರು. ‘ಮಳೆಗಾಲದ ಥಂಡಿಯಲ್ಲಿ ನನ್ನ ಮೊಣಕಾಲು ಹಿಡಿಯುತ್ತಿದೆ. ಆದ್ದರಿಂದ ನನಗೆ ಪ್ರೆಸ್ಸಿನ ಶೆಡ್ಡಿನ ಪಕ್ಕ ನಲವತ್ತಡಿ ಉದ್ದ, ಇಪ್ಪತ್ತಡಿ ಅಗಲದ, ಬಿಸಿಗಾಳಿ ಬೀಸುವ ಒಂದು ಕೋಣೆ ಬೇಕು. ನನ್ನ ಸಾಮಾನು ಇಟ್ಟುಕೊಳ್ಳಲು ಗೋಡೆಯುದ್ದಕ್ಕೂ ಕಬ್ಬಿಣದ ಜಾಲರಿಯ ಹಲಗೆಗಳು, ಒಂದರ ಮೇಲೊಂದು ಹದಿನಾಲ್ಕು ಸಾಲು ಬೇಕು.’ ಮೊಣಕಾಲು ನೋಯುತ್ತಿದ್ದದ್ದು ಸುಳ್ಳಲ್ಲ. ಅದು ಬೇಸಿಗೆಯಲ್ಲೂ ನೋಯುತ್ತಿತ್ತು, ಆ ಮಾತು ಬೇರೆ.

ಒಂಬತ್ತು ವರ್ಷ ಯಾರ ಕಿವಿಗೂ ಬೀಳದ ಕೋಣೆ ಎರಡೇ ದಿನದಲ್ಲಿ ಮಂಜೂರಾಯಿತು. ‘ಬೇಗ ಗುಣವಾಗಿ’ ಎಂದು ಹೂವಿನ ಚಿತ್ರದ ಕಾರ್ಡು ಬೇರೆ ಬಂತು.

ಡಿಸೆಂಬರಿನ ಎರಡನೇ ವಾರಕ್ಕೆ ಕೋಣೆ ಎದ್ದು ನಿಂತಿತು. ಬಾಗಿಲ ಮೇಲೆ ‘ಗೋದಾಬಾಯಿಯವರ ವಿಶ್ರಾಂತಿ ಕೊಠಡಿ’ ಎಂಬ ಬೋರ್ಡು. ಒಳಗೆ ಹದಿನಾಲ್ಕು ಸಾಲು ತೊಗಲಿನ ಬಟ್ಟಲುಗಳು, ನಡುವೆ ಒಂದು ಕುರ್ಚಿ. ಅವರ ಹೆಸರಿನಲ್ಲಿ ಕಟ್ಟಿದ ಕೋಣೆಯಲ್ಲಿ ಅವರು ಕೂರದೆ ಇದ್ದರೆ ತಕರಾರು ಬರಬಹುದು ಎಂದು ರಘುರಾಮ ಕೈ ಮುಗಿದ. “ಗೋದಕ್ಕ, ದಿನಕ್ಕೆ ಎರಡು ಗಂಟೆ ಕೂತ್ಕೊಂಡುಬಿಡಿ. ನಿಮ್ಮ ಕಾಲು ಹಿಡ್ಕೋತೀನಿ.” ಸರಿ, ಚೆನ್ನೈಯ ಸೆಕೆಯಲ್ಲಿ, ಅದರ ಮೇಲೆ ಬಿಸಿಗಾಳಿ ಬೀಸುವ ಕೋಣೆಯಲ್ಲಿ, ತಲೆಗೆ ಒದ್ದೆ ಟವಲು ಹಾಕಿಕೊಂಡು, ಮಜ್ಜಿಗೆಯ ತಂಬಿಗೆ ಹಿಡಿದು ಗೋದಾಬಾಯಿ ವಿಶ್ರಾಂತಿ ಪಡೆದರು. ಬೆವರು ಧಾರಾಕಾರ ಇಳಿಯುತ್ತಿತ್ತು. ಒಳಗೆ ಬಂದು ಹೋಗುವ ಕೆಲಸಗಾರರೆಲ್ಲ ಅವರನ್ನು ನೋಡಿ ನಗು ತಡೆದುಕೊಂಡು ಹೋಗುತ್ತಿದ್ದರು. ಅಪ್ಪಾಜಿ ಮಾತ್ರ ಗಂಭೀರವಾಗಿ, “ಮೊಣಕಾಲು ಹೆಂಗದ ಅವ್ವ?” ಎಂದು ಕೇಳುತ್ತಿದ್ದರು.

ವಾರದೊಳಗೆ ಇನ್ನೊಂದು ಮಳೆ ಬಂತು. ರಿಜೆಕ್ಟು ನೂರಕ್ಕೆ ಮೂರು. ಸುಧಾರಣಾ ಯೋಜನೆ ಫಲಿಸಿತು, ಗೋದಾಬಾಯಿ ಪೂರ್ತಿ ಬರುತ್ತಿದ್ದಾರೆ ಎಂದು ಡೆನ್ಮಾರ್ಕ್ ಕೆಂಪು ಗುರುತನ್ನು ಅಳಿಸಿತು. ದೀಕ್ಷಿತ್ ಮತ್ತೆ ಒಂದು ಸಲ ಮಳೆಯ ವಿಷಯ ಬರೆದ. ಅದಕ್ಕೆ ಉತ್ತರವೇ ಬರಲಿಲ್ಲ.

ಫೆಬ್ರುವರಿಯಲ್ಲಿ ಗೋದಾಬಾಯಿಗೆ ಜ್ವರ ಬಂತು. ಅಣ್ಣನ ಮನೆಗೆ ಹೋಗಿ ಎಂಟು ದಿನ ತ್ರಿಪ್ಲಿಕೇನಿನಲ್ಲೇ ಮಲಗಿದ್ದರು. ಹೊರಗೆ ಆಕಾಶ ನೀಲಿಯಾಗಿತ್ತು. ರೈಲು ಓಡುತ್ತಿದ್ದಾಗಲೂ ಅವರು ಕಾರ್ಖಾನೆಗೆ ಹೋಗದೆ ಇದ್ದದ್ದು ಅದೇ ಮೊದಲು. ಡೆನ್ಮಾರ್ಕ್ ದಿನಕ್ಕೆರಡು ಸಲ ಜ್ವರ ಎಷ್ಟು ಎಂದು ಕೇಳಿತು. ಮಾನ್ಯಾ ಪಕ್ಕದಲ್ಲಿ ಕೂತು ಒದ್ದೆ ಬಟ್ಟೆ ಹಾಕುತ್ತ ಉತ್ತರ ಕಳಿಸಿದಳು. ಎಂಟನೇ ದಿನ ದೀಕ್ಷಿತ್ ಕಿತ್ತಳೆ ಹಣ್ಣು ತೆಗೆದುಕೊಂಡು ಬಂದು, ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತು, ಹೇಗೆ ಹೇಳುವುದೆಂದು ತಿಳಿಯದೆ ಹಣ್ಣಿನ ಚೀಲವನ್ನೇ ತಿರುಗಿಸಿದ.

“ಏನಪ್ಪಾ, ರಿಜೆಕ್ಟು ಎಷ್ಟು?”

“ಮೂರು ಮೇಡಂ. ಎಂಟು ದಿನವೂ ಮೂರೇ.”

“ಒಳ್ಳೇದಾಯ್ತು,” ಅಂದರು ಗೋದಾಬಾಯಿ. ಒಳ್ಳೆಯದೇ ಅನ್ನಿಸಿತು. ಆದರೂ ಗೋಡೆಯ ಕಡೆ ತಿರುಗಿದರು.

ಡೆನ್ಮಾರ್ಕಿನ ತೀರ್ಮಾನ ಮಾರ್ಚಿನಲ್ಲಿ ಬಂತು. ಗೋದಾಬಾಯಿಯವರ ಪ್ರಭಾವ ಈಗ ಕಟ್ಟಡದೊಳಗೆ ಪೂರ್ತಿಯಾಗಿ ಇಳಿದುಬಿಟ್ಟಿರುವುದರಿಂದ ಅವರು ಖುದ್ದಾಗಿ ಇರುವ ಅಗತ್ಯವಿಲ್ಲ. ಏಳನೇ ಅನುಬಂಧವನ್ನು ಕೃತಜ್ಞತೆಯೊಂದಿಗೆ ಕೈಬಿಡಲಾಗಿದೆ. ಉಳಿದ ಹನ್ನೊಂದು ದೇಶಗಳಲ್ಲಿ ಪ್ರಭಾವ ಇನ್ನೂ ಇಳಿಯುತ್ತಿರುವುದರಿಂದ ಅಲ್ಲಿನ ಹುದ್ದೆಗಳು ಮುಂದುವರಿಯುತ್ತವೆ.

ಕಾರೂ ಎದುರು ಬೀದಿಯ ಬಾಡಿಗೆ ಮನೆಯೂ ಹೋದವು. ಗೋದಾಬಾಯಿ ಮತ್ತೆ ರೈಲು ಹತ್ತಿದರು. ಮಲ್ಲಿಗೆಯವಳು ಅವರನ್ನು ಕಂಡದ್ದೇ, ಇಷ್ಟು ದಿನ ಎಲ್ಲಿ ಹಾಳಾಗಿ ಹೋಗಿದ್ದೆ ಅಕ್ಕಾ ಎಂದು ತಮಿಳಿನಲ್ಲಿ ಗದರಿಸಿ, ಮೊಳದ ಮೇಲೆ ಎರಡು ರೂಪಾಯಿ ಏರಿಸಿದಳು. ಇವರು ಸೈದಾಪೇಟೆಯಿಂದ ಪಲ್ಲಾವರದವರೆಗೆ ಜಗಳ ಆಡಿ ಒಂದು ರೂಪಾಯಿ ಇಳಿಸಿದರು. ಇಳಿಯುವ ಹೊತ್ತಿಗೆ ಮೈ ಹಗುರವಾಗಿತ್ತು.

ಕಾರ್ಖಾನೆಯ ಬಾಗಿಲಲ್ಲೇ ಅಪ್ಪಾಜಿ ಕಾಯುತ್ತಿದ್ದರು. ಕೊಬ್ಬು ಕಾಯಿಸುವ ಕೋಣೆಯಲ್ಲಿ ಹೊಗೆ ಹೋಗಲು ದಾರಿಯಿಲ್ಲದೆ ಮೂರು ಜನ ಕೆಮ್ಮಿ ಕೆಮ್ಮಿ ಸುಸ್ತಾಗಿದ್ದರು.

“ನಿಮ್ಗ ಕೆಮ್ಮು ಗಿಮ್ಮು ಏನಾರ ಅದಾ ಅವ್ವ?” ಅಂದರು ಅಪ್ಪಾಜಿ, ಬಹಳ ಆಸೆಯಿಂದ.

“ನನ್ನ ಕೆಮ್ಮಿಗೆ ಈಗ ಬೆಲೆ ಇಲ್ಲ ಅಪ್ಪಾಜಿ. ಅನುಬಂಧ ತೆಗೆದುಬಿಟ್ಟರು.”

ಅಪ್ಪಾಜಿಯ ಮುಖ ಇಳಿದುಹೋಯಿತು. ಗೋದಾಬಾಯಿ ಒಳಗೆ ಹೋಗಿ, ಮಧ್ಯಾಹ್ನದವರೆಗೆ ಕಾಗದ ಟೈಪು ಮಾಡಿ, ಊಟದ ಹೊತ್ತಿಗೆ ಮೊರಾಕ್ಕೋಗೆ ಫೋನ್ ಹಚ್ಚಿದರು. ಹರಕು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಮಾತಾಯಿತು. ಅಲ್ಲಿಯ ಕೊಬ್ಬಿನ ಕೋಣೆಗೂ ಹೊಗೆಗೂಡು ಇರಲಿಲ್ಲ. ಅಲ್ಲಿಯ ಕೆಲಸಗಾರರೂ ಕೆಮ್ಮುತ್ತಿದ್ದರು. ಅವರಿಗೆ ಏನು ಬೇಕೆಂದು ಜೊಹ್ರಾ ಇದುವರೆಗೆ ಕೇಳಿರಲಿಲ್ಲ. ಕೇಳಿದಳು. ಆ ವಾರದ ವಿಡಿಯೋ ಮೀಟಿಂಗಿನಲ್ಲಿ ಅವಳು ಎಷ್ಟು ಕೆಮ್ಮಿದಳೆಂದರೆ ಯೆನ್ಸ್ ಗಾಬರಿಯಾಗಿ ಎದ್ದು ನಿಂತು ಅವನ ತಲೆಯೇ ಚೌಕದಿಂದ ಆಚೆ ಹೋಯಿತಂತೆ.

ಮೊರಾಕ್ಕೋದ ಗೋದಾಬಾಯಿಯ ಸೌಕರ್ಯಕ್ಕಾಗಿ ಹದಿನೈದು ದಿನದಲ್ಲಿ ಹೊಗೆಗೂಡು ಮಂಜೂರಾಯಿತು. ಒಂದು ಕಾರ್ಖಾನೆಯಲ್ಲಿ ಇದ್ದದ್ದು ಗುಂಪಿನ ಎಲ್ಲ ಕಾರ್ಖಾನೆಯಲ್ಲೂ ಇರಬೇಕು ಎನ್ನುವುದು ಡೆನ್ಮಾರ್ಕಿನ ಕಟ್ಟುನಿಟ್ಟು. ಏಪ್ರಿಲ್ ಕೊನೆಯಲ್ಲಿ ಒಂದು ಲಾರಿ ಬಂದು ಕ್ರೋಂಪೇಟೆಯಲ್ಲಿ ಮೂವತ್ತಡಿಯ ತಗಡಿನ ಕೊಳವೆಯನ್ನು ಇಳಿಸಿತು. ಅಪ್ಪಾಜಿ ಅದರ ಸುತ್ತ ಎರಡು ಸಲ ನಡೆದು, ಬೆರಳಿನಿಂದ ತಟ್ಟಿ ನೋಡಿದರು. ಗೋದಾಬಾಯಿ ಲಾರಿಯವನ ಕಾಗದಕ್ಕೆ ರುಜು ಹಾಕಿ, ಕೊಳವೆಯ ಜೊತೆಗೆ ಬರಬೇಕಿದ್ದ ನಟ್ಟು ಬೋಲ್ಟಿನ ಪೆಟ್ಟಿಗೆ ಬರಲಿಲ್ಲವೆಂದು ಕಂಡು, ಫೋನೆತ್ತಿ ಲಾರಿ ಆಫೀಸಿನವನಿಗೆ ಬೈಯಲು ಶುರು ಮಾಡಿದರು.